ಬೀಗದ ಮನೆಯ ಮಾತ್ರೆ

ಈ ಕಥೆಯಲ್ಲಿ ಬರುವವರೆಲ್ಲ ಸುಳ್ಳು ಹೇಳುತ್ತಾರೆ, ಕಥೆಯೊಂದೇ ನಿಜ. ಸುಳ್ಳಿನಲ್ಲಿ ದೊಡ್ಡ ಪಾಲು ಅಜ್ಜಿಯದು. ಹಾಗಾಗಿ ಅವಳಿಂದಲೇ ಶುರುಮಾಡುವುದು ನ್ಯಾಯ.

ಅಜ್ಜಿ ಕೂರುವುದು ಮನೆಯ ಮುಂದಿನ ಕೋಣೆಯಲ್ಲಿ. ಆ ಕೋಣೆಯೇ ಅಂಗಡಿ. ತಾತ ಬೀಗ ರಿಪೇರಿ ಮಾಡುತ್ತಾನೆ, ಕಳೆದುಹೋದ ಕೀಗೆ ಬದಲಿ ಕೀ ಮಾಡಿಕೊಡುತ್ತಾನೆ. ಗೋಡೆಯ ತುಂಬ ಮೊಳೆಗೆ ನೇತುಬಿದ್ದ ಹಲ್ಲಿಲ್ಲದ ಕೀಗಳು. ತಾತನಿಗೂ ಈಗ ಹಲ್ಲು ಅಷ್ಟಕ್ಕಷ್ಟೇ, ಆದರೆ ಕೀಗೆ ಹಲ್ಲು ಕೂರಿಸುವುದರಲ್ಲಿ ಅವನ ಕೈ ಇನ್ನೂ ಹರೆಯದ್ದು. ಬಂದ ಗಿರಾಕಿ ತಾತನನ್ನು ತಲುಪಬೇಕಾದರೆ ಮೊದಲು ಅಜ್ಜಿಯನ್ನು ದಾಟಬೇಕು.

"ಈ ಕೀ ನಿಮ್ಮದೇನಾ?"

"ಹೂಂ ಅಮ್ಮ, ನಮ್ಮನೇದೇ."

"ಮನೆ ನಿಮ್ಮದೇನಾ?"

"ಬಾಡಿಗೆದು."

"ಹಂಗಾದ್ರೆ ಯಜಮಾನ್ರಿಗೆ ಹೇಳಿದೀರಾ? ಒಂದೇ ಕೀ ಇದ್ದಾಗ ಏನು ತೊಂದ್ರೆ ಆಗಿತ್ತು?"

"ಲೇ," ಎಂದು ತಾತ ಒಳಗಿನಿಂದ ಕೂಗುತ್ತಾನೆ, "ಅವರು ಕೀ ಕೇಳೋಕೆ ಬಂದಿರೋದು ಕಣೇ, ಮಗಳನ್ನ ಕೇಳೋಕಲ್ಲ."

ಮಗಳು ಎಂಬ ಮಾತು ಬಂದರೆ ಅಜ್ಜಿ ಸುಮ್ಮನಾಗುತ್ತಾಳೆ. ಮಗಳೂ ಇಲ್ಲ, ಅಳಿಯನೂ ಇಲ್ಲ. ಉಳಿದಿರುವುದು ಅವರ ಒಂದು ಹೆಣ್ಣುಮಗು. ಈಗ ಅದಕ್ಕೆ ಹದಿಮೂರು.

ಮನೆಯಲ್ಲಿ ಅವಳಿಗೆ ಗಿಳಿ ಎಂದೇ ಹೆಸರು. ಗಣಿತದ ಮೇಷ್ಟ್ರ ಕೆಮ್ಮು, ಪಕ್ಕದ ಮನೆಯ ಹೆಂಗಸು ಫೋನಿನಲ್ಲಿ ಮೂಗು ಸೇದಿಕೊಂಡು ಅಳುವ ವರಸೆ, ತುಕ್ಕು ಹಿಡಿದ ಬೀಗದ ಮೇಲೆ ತಾತನ ಅರ ಉಜ್ಜುವ ಕಿರಕಿರ, ಎಲ್ಲ ಅವಳ ಗಂಟಲಲ್ಲಿ ಬಾಡಿಗೆಗೆ ಇದ್ದವು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಅಜ್ಜಿಯ ದನಿ. ಒಮ್ಮೆ ಬಾಗಿಲ ಹಿಂದೆ ನಿಂತು, "ಈ ಕೀ ನಿಮ್ಮದೇನಾ?" ಎಂದಾಗ ಬಂದ ಗಿರಾಕಿ ಖಾಲಿ ಕುರ್ಚಿಗೆ ವಿವರವಾಗಿ ಉತ್ತರ ಕೊಟ್ಟಿದ್ದ.

ಅಂಗಡಿಯ ದೀಪ ಹಾಕುವ ಹೊತ್ತಿಗೆ ಗಿಳಿಗೆ ಒಂದು ಮಾತ್ರೆ. ಅದು ಇರುವುದು ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಸ್ಟೀಲ್ ಡಬ್ಬಿಯಲ್ಲಿ. ಡಬ್ಬಿಗೆ ತಾತ ಮಾಡಿದ ಬೀಗ. ಕೀ ಅಜ್ಜಿಯ ಸೊಂಟದಲ್ಲಿ. ಬಾಟಲಿಯ ಮೇಲಿನ ಚೀಟಿಯನ್ನು ಅಜ್ಜಿ ಉಗುರಲ್ಲಿ ಕೆರೆದು ತೆಗೆದಿದ್ದಳು.

"ತಗೋ, ರಕ್ತದ ಮಾತ್ರೆ. ನುಂಗಿದ್ಯಾ? ಆ ಅನ್ನು. ನಾಲಿಗೆ ಎತ್ತು."

ಗಿಳಿ ಆ ಅನ್ನುತ್ತಾಳೆ, ನಾಲಿಗೆ ಎತ್ತುತ್ತಾಳೆ, ಆಮೇಲೆ ತನ್ನ ಲೋಟವನ್ನು ತಾನೇ ತೊಳೆದಿಡುತ್ತಾಳೆ. ಇತ್ತೀಚೆಗೆ ಬಂದ ಒಳ್ಳೆಯ ಬುದ್ಧಿ ಎಂದು ಅಜ್ಜಿ ಅದನ್ನು ಬಾಯಿತುಂಬ ಹೊಗಳಿದ್ದಳು.

ಮಾತ್ರೆ ರಕ್ತಹೀನತೆಯದಲ್ಲ. ಎಚ್‌ಐವಿಯದು. ತಾಯಿಯಿಂದ ಮಗುವಿಗೆ ಹುಟ್ಟಿನಲ್ಲೇ ಬಂದದ್ದು. ಆ ಹೆಸರು ಅಜ್ಜಿಯ ಬಾಯಿಂದ ಈವರೆಗೆ ಹೊರಬಿದ್ದಿಲ್ಲ. ಅವಳಿಗೆ ಅದು ಬರೀ "ಅದು". ಅದರ ವಿಷಯ ಗೊತ್ತಿದ್ದದ್ದು ಅವಳಿಗೆ, ತಾತನಿಗೆ ಮತ್ತು ಮಗನಿಗೆ. ಗಿಳಿಗೆ ಗೊತ್ತಿಲ್ಲ, ಹೊಸದಾಗಿ ಬಂದ ಸೊಸೆಗೆ ಗೊತ್ತಿಲ್ಲ. ಹಾಗೆಂದು ಅಜ್ಜಿ ಲೆಕ್ಕ ಹಾಕಿದ್ದಳು.

ಸೊಸೆ ಚಪ್ಪಲಿ ಅಂಗಡಿಗೆ ಕೆಲಸಕ್ಕೆ ಹೋಗುವವಳು. ಮನುಷ್ಯರನ್ನು ಪಾದದಿಂದ ಮೇಲಕ್ಕೆ ಅಳೆಯುತ್ತಿದ್ದಳು. ಬಂದ ವಾರವೇ ಅತ್ತೆಯ ಕಾಲು ನೋಡಿ, "ಅತ್ತೆ, ನಿಮ್ಮ ಬಲಗಾಲಿನ ಚಪ್ಪಲಿ ಮಾತ್ರ ಸವೆದಿದೆ. ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ನಿಂತು ಬೀದಿ ನೋಡ್ತೀರಾ?" ಎಂದಿದ್ದಳು. ಅಜ್ಜಿಗೆ ಅಂದೇ ಒಳಗೊಳಗೆ ಮುಳ್ಳು ಚುಚ್ಚಿದಂತಾಯಿತು. ಇವಳ ಕಣ್ಣು ಸಣ್ಣದಲ್ಲ.

ಒಂದು ಬೆಳಿಗ್ಗೆ ಬ್ರೆಡ್ ತಿನ್ನುತ್ತ ಸೊಸೆ ಕೇಳಿದಳು, "ಅತ್ತೆ, ಗಿಳಿಗೆ ಕೊಡೋದು ಯಾವ ಮಾತ್ರೆ?"

"ರಕ್ತದ್ದು."

"ನಮ್ಮ ಅಂಗಡಿ ಯಜಮಾನ್ರೂ ರಕ್ತದ ಮಾತ್ರೆ ತಗೊಂಡ್ರು. ಮೂರೇ ತಿಂಗಳಿಗೆ ಟೊಮ್ಯಾಟೊ ಆದ್ರು. ಇವಳು ವರ್ಷಗಟ್ಟಲೆ ತಗೋತಾನೇ ಇದಾಳೆ?"

"ಅವರ ಮೈಗೆ ರಕ್ತ ಹತ್ತುತ್ತೆ, ಇವಳ ಮೈಗೆ ಹತ್ತಲ್ಲ. ನಿನಗೆ ಕೆಲಸಕ್ಕೆ ಹೊತ್ತಾಗಲ್ವಾ?"

ಸೊಸೆ ಎದ್ದಳು. ಹೋಗುವಾಗ ಗಿಳಿ ಕಚ್ಚಿ ಬಿಟ್ಟಿದ್ದ ಬ್ರೆಡ್ಡಿನ ತುಂಡನ್ನು ತಟ್ಟೆಯಿಂದ ಎತ್ತಿ ಬಾಯಿಗೆ ಹಾಕಿಕೊಂಡಳು. ಅಜ್ಜಿ ನೋಡಿದಳು. ಪಾಪ, ಗೊತ್ತಿಲ್ಲ. ಗೊತ್ತಿದ್ದರೆ ತಿನ್ನುತ್ತಿದ್ದಳೇ?

ಅದೇ ತಿಂಗಳು, ಗಿಳಿಯ ಮಾತ್ರೆ ಕೊಡುವ ಚಿಕಿತ್ಸಾ ಕೇಂದ್ರದಿಂದ ಕರೆ ಬಂತು. ಅಲ್ಲಿ ಅಜ್ಜಿಗೆ ತನ್ನದೇ ಒಂದು ಪದ್ಧತಿ ಇತ್ತು. ಕಾಯುವ ಕೋಣೆಯ ಗೋಡೆಯಲ್ಲಿ ಬಾಗಿಲಷ್ಟು ದೊಡ್ಡ ಭಿತ್ತಿಪತ್ರ, ಅದರಲ್ಲಿ "ಅದರ" ಹೆಸರು ಕೆಂಪಕ್ಷರದಲ್ಲಿ. ಹಾಗಾಗಿ ಗಿಳಿಯನ್ನು ಆ ಗೋಡೆಗೆ ಬೆನ್ನು ಮಾಡಿ, ಔಷಧಿ ಕೋಣೆಯ ಗಾಜಿನ ಬಾಗಿಲಿಗೆ ಮುಖ ಮಾಡಿ ಕೂರಿಸುತ್ತಿದ್ದಳು. ತಾನು ಒಳಗೆ ಹೋಗಿ ಬರುವ ತನಕ ತಿರುಗಬಾರದು ಎಂದು ಆಣೆ ಬೇರೆ.

ಒಳಗೆ ಇದ್ದದ್ದು ಸಮಾಧಾನದ ಮೇಡಂ. ಆಕೆಯ ಕೆಲಸ ಮನೆಯವರಿಗೆ ತಿಳಿಹೇಳುವುದು. ಪ್ರತಿ ಮಾತನ್ನೂ "ನೋಡೀಮ್ಮಾ" ಎಂದು ಎಳೆದು ಶುರುಮಾಡಿ "ಸಮಾಧಾನ" ಎಂದು ಮುಗಿಸುವುದರಿಂದ ಗಿಳಿ ಇಟ್ಟ ಹೆಸರು ಅದು.

"ನೋಡೀಮ್ಮಾ, ಇಷ್ಟು ವರ್ಷ ಹುಡುಗಿಯ ರಕ್ತದಲ್ಲಿ ವೈರಸ್ ಪರೀಕ್ಷೆಗೇ ಸಿಗದಷ್ಟು ಕಮ್ಮಿ ಇತ್ತು. ಈ ಸಲ ಏರಿದೆ. ಮಾತ್ರೆ ತಪ್ತಾ ಇದೆ."

"ಸಾಧ್ಯವೇ ಇಲ್ಲ. ನಾಲಿಗೆ ಎತ್ತಿಸಿ ನೋಡ್ತೀನಿ ನಾನು."

"ತಪ್ತಾ ಹೋದ್ರೆ ವೈರಸ್ಸು ಈ ಮಾತ್ರೆಗೆ ಬಗ್ಗೋದನ್ನೇ ಬಿಡುತ್ತೆ. ಆಮೇಲೆ ಬೇರೆ ಮಾತ್ರೆ ಹುಡುಕಬೇಕು. ಇವಳು ಜೀವನಪೂರ್ತಿ ತಗೋಬೇಕಾದ್ದು ಇದು. ಯಾಕೆ ತಗೋತಾ ಇದೀನಿ ಅಂತ ಅವಳಿಗೆ ಗೊತ್ತಾ?"

"ಗೊತ್ತಿಲ್ಲ."

"ಹೇಳಿ. ಗೊತ್ತಿಲ್ಲದೆ ಎಷ್ಟು ದಿನ ಅಂತ ನುಂಗ್ತಾಳೆ?"

"ಅವಳು ಗಿಳಿ ಮೇಡಂ. ಇವತ್ತು ಹೇಳಿದ್ರೆ ನಾಳೆ ಬೀದಿಗೆಲ್ಲ ಸಾರ್ತಾಳೆ. ಅದೂ ನನ್ನ ದನೀಲೇ."

ಮನೆಗೆ ಬರುವ ಬಸ್ಸಿನಲ್ಲಿ ಅಜ್ಜಿ ಎಲ್ಲರ ಮೇಲೂ ಸರದಿಯಂತೆ ಅನುಮಾನಪಟ್ಟಳು. ಕೇಂದ್ರದವರು ರಕ್ತದ ಸೀಸೆ ಅದಲುಬದಲು ಮಾಡಿರಬೇಕು. ಇಲ್ಲ, ಮಾತ್ರೆಯೇ ಹಳೆಯದು. ಅದೂ ಅಲ್ಲದಿದ್ದರೆ ಡಬ್ಬಿಗೆ ಯಾರೋ ಕೈ ಹಾಕಿದ್ದಾರೆ. ಯಾರೋ ಎಂದರೆ ಯಾರು? ಮನೆಗೆ ಹೊಸದಾಗಿ ಬಂದವರು ಯಾರು?

ಅಂದಿನಿಂದ ಅಡುಗೆಮನೆ ಪೊಲೀಸ್ ಠಾಣೆಯಾಯಿತು. ಡಬ್ಬಿಯ ಮುಚ್ಚಳದ ಮೇಲೆ ಅಜ್ಜಿ ಗೋಧಿಹಿಟ್ಟು ಉದುರಿಸಿಟ್ಟಳು. ಬೆರಳಿನ ಗುರುತು ಬಿತ್ತು. ಸೊಸೆಯ ಕೈಯೆಲ್ಲ ಹಿಡಿದು ನೋಡಿದಳು. ಕೊನೆಗೆ ಗುರುತು ತಾತನದು ಎಂದು ಗೊತ್ತಾಯಿತು. ಡಬ್ಬಿಯ ಹಿಂದೆ ಅವನು ಬಚ್ಚಿಟ್ಟಿದ್ದ ಬೆಲ್ಲಕ್ಕೆ ಹೋಗಿದ್ದ.

"ನಿಮಗೆ ಸಿಹಿ ತಿನ್ನಬೇಡಿ ಅಂದಿಲ್ವಾ ಡಾಕ್ಟ್ರು?"

"ಅದಕ್ಕೇ ಬಚ್ಚಿಟ್ಟಿದ್ದು. ಈ ಮನೇಲಿ ಬಚ್ಚಿಡೋದಕ್ಕೆ ನಿನ್ನೊಬ್ಬಳಿಗೇ ಗುತ್ತಿಗೆ ಕೊಟ್ಟಿದಾರಾ?"

ವಾರ ಕಳೆದ ಮೇಲೆ ಸೊಸೆ ಕೆಲಸದಿಂದ ಬರುವಾಗ ಒಂದು ನೀಲಿ ಪ್ಲಾಸ್ಟಿಕ್ ಲೋಟ ತಂದಳು. "ಗಿಳಿ, ತಗೋ ನಿನ್ನ ಲೋಟ," ಎಂದಳು.

ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಬೇರೆ ಲೋಟ. ಅವಳಿಗೆ ಮಾತ್ರ. ಗೊತ್ತಾಗಿಬಿಟ್ಟಿದೆ ಇವಳಿಗೆ.

"ಮನೇಲಿ ಲೋಟ ಇರಲಿಲ್ವೇನಮ್ಮ?"

"ಇದೆ ಅತ್ತೆ. ಇದು ಅವಳಿಗೆ ಅಂತ."

"ಅವಳಿಗೇ ಯಾಕೆ ಅಂತ? ನಾಳೆ ತಟ್ಟೆ ಬೇರೆ, ನಾಡಿದ್ದು ಹಾಸಿಗೆ ಬೇರೆ, ಅಷ್ಟೇ ತಾನೇ? ತಾಯಿ ಇಲ್ಲದ ಮಗೂನ ಮೂಲೆಗೆ ತಳ್ಳೋಕೆ ಬಂದ್ಯಾ ನನ್ನ ಮನೆಗೆ?"

ಸೊಸೆಯ ಮುಖ ಕೆಂಪಾಯಿತು. "ಅತ್ತೆ, ಅವಳೇ ಕೇಳಿದ್ಲು. ಪ್ಲಾಸ್ಟಿಕ್ ಲೋಟ ಬೇಕು ಅಂತ ಹಟ ಹಿಡಿದಿದ್ಲು. ಬೇಕಾದ್ರೆ ಕೇಳಿ."

"ಹೌದೇನೇ?"

ಗಿಳಿ ತಲೆ ಬಗ್ಗಿಸಿ ನಿಂತಿದ್ದಳು. ಎಲ್ಲರ ದನಿಯೂ ಬರುವ ಹುಡುಗಿಗೆ ಆಗ ತನ್ನ ದನಿಯೇ ಬರಲಿಲ್ಲ.

"ನೋಡು, ಅವಳಿಗೂ ಹೇಳಿಕೊಟ್ಟಿದೀಯ!" ಎಂದಳು ಅಜ್ಜಿ.

ಅಷ್ಟು ಹೊತ್ತಿಗೆ ವ್ಯಾನು ನಿಲ್ಲಿಸಿ ಮಗ ಒಳಗೆ ಬಂದ. ಅಂಗಡಿಗಳಿಗೆ ಸಾಮಾನು ಇಳಿಸುವ ಕೆಲಸ ಅವನದು. ಹೊರಗೆ ಎಷ್ಟೇ ಭಾರ ಹೊತ್ತರೂ ಮನೆಯ ಜಗಳ ಎತ್ತುವ ಶಕ್ತಿ ಅವನಿಗಿರಲಿಲ್ಲ. "ಅಮ್ಮ, ಬಿಡು. ಒಂದು ಲೋಟಕ್ಕೆ..." ಎಂದ.

"ನೀನು ಸುಮ್ನಿರು. ಹೆಂಡ್ತಿ ಗ್ಲಾಸು ಅಂದ್ರೆ ನೀನು ಬಾಸು ಅಂತೀಯ."

ಯಾರೂ ನಗಲಿಲ್ಲ. ಸೊಸೆ ನೀಲಿ ಲೋಟವನ್ನು ಎತ್ತಿಕೊಂಡು ಹೋಗಿ ತನ್ನ ಕಪಾಟಿನಲ್ಲಿಟ್ಟು ಕೋಣೆಯ ಬಾಗಿಲು ಹಾಕಿಕೊಂಡಳು. ಮಾಡಿಟ್ಟ ಅನ್ನ ಬೇಳೆ ಆರುತ್ತಿತ್ತು, ಮಗನೊಬ್ಬನೇ ತಟ್ಟೆ ಹಾಕಿಕೊಂಡು ಕೂತ.

ಅಂಗಡಿಯ ದೀಪ ಹೊತ್ತಿತು. ಮಾತ್ರೆಯ ಹೊತ್ತು. ಅಜ್ಜಿ ಸಿಟ್ಟಿನಲ್ಲೇ ಡಬ್ಬಿ ತೆಗೆದಳು, ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿದಳು.

"ತಗೋ."

ಗಿಳಿ ಮಾತ್ರೆ ಬಾಯಿಗೆ ಹಾಕಿಕೊಂಡಳು. ಲೋಟ ಎತ್ತಿದಳು. ಗುಟುಕು ಗುಟುಕಾಗಿ, ನಿಧಾನವಾಗಿ, ತಳ ಕಾಣುವವರೆಗೂ ಕುಡಿದಳು. ಲೋಟದಿಂದ ತುಟಿ ಬೇರೆಯಾಗುವ ಮುಂಚೆ ಒಂದು ಸದ್ದಾಯಿತು.

ಟಣ್.

ಸಣ್ಣ ಸದ್ದು. ಆದರೆ ಬೀಗದ ಮನೆಯವರ ಕಿವಿ. ಬೀಗದ ಒಳಗಿನ ಸ್ಪ್ರಿಂಗು ಜಾರಿದರೆ ಹೊರಗಿನಿಂದಲೇ ಹೇಳುವಂಥವು. ಅಂಗಡಿಯಲ್ಲಿ ತಾತನ ಅರ ನಿಂತಿತು. ಮಗ ತಟ್ಟೆಯಿಂದ ತಲೆ ಎತ್ತಿದ. ಕೋಣೆಯ ಬಾಗಿಲು ತೆರೆದು ಸೊಸೆ ಹೊರಬಂದಳು.

ಅಜ್ಜಿ ಲೋಟ ಕಸಿದು ನೋಡಿದಳು. ತಳದಲ್ಲಿ ಉಳಿದ ಹನಿ ನೀರಿನಲ್ಲಿ ಮಾತ್ರೆ ಕರಗುತ್ತ ಕೂತಿತ್ತು.

ಪ್ಲಾಸ್ಟಿಕ್ ಲೋಟ ಯಾಕೆ ಬೇಕಿತ್ತು, ಲೋಟ ತಾನೇ ತೊಳೆಯುವ ಬುದ್ಧಿ ಯಾಕೆ ಬಂದಿತ್ತು, ಎರಡೂ ಒಟ್ಟಿಗೆ ಅರ್ಥವಾದವು. ಮಾತ್ರೆ ಬಾಯಿಗೆ ಹೋಗುವವರೆಗೆ ಅಜ್ಜಿ ಬೀಗ ಹಾಕಿದ್ದಳು. ಬಾಯಿಂದ ಆಚೆಗೆ ಹಾಕಿರಲಿಲ್ಲ.

"ಎಷ್ಟು ದಿನದಿಂದ ಈ ಕಳ್ಳಾಟ?"

ಗಿಳಿ ತಲೆ ಎತ್ತಿದಳು. ಬಂದದ್ದು ಅಜ್ಜಿಯದೇ ದನಿ, ಒಂದು ಕೂದಲೂ ಆಚೀಚೆ ಇಲ್ಲ. "ರಕ್ತದ ಮಾತ್ರೆ. ನುಂಗಿದ್ಯಾ? ಆ ಅನ್ನು. ನಾಲಿಗೆ ಎತ್ತು." ಆಮೇಲೆ ತನ್ನ ದನಿಯಲ್ಲಿ, "ಕಳ್ಳಾಟ ನಂದಾ ಅಜ್ಜಿ? ರಕ್ತದ ಮಾತ್ರೆಗೆ ಬೀಗ ಯಾಕೆ? ಚೀಟಿ ಯಾಕೆ ಕೆರೆದಿದೀಯ?"

"ದೊಡ್ಡವರು ಏನೋ ಮಾಡ್ತಾರೆ ಅಂದ್ರೆ..."

"ನನಗೆ ಗೊತ್ತು. ನನಗೆ ಎಚ್‌ಐವಿ ಇದೆ."

ಅಜ್ಜಿ ಬಾಗಿಲ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು, ಕೊನೆಗೆ ಸೊಸೆಯ ಕಡೆ ನೋಡಿದಳು.

"ಯಾರು ಹೇಳಿದ್ದು ನಿನಗೆ? ಇವಳಾ?"

"ನೀನೇ. ಗೋಡೆಗೆ ಬೆನ್ನು ಹಾಕಿ ಕೂರಿಸ್ತಿದ್ದೆ ಅಲ್ವಾ? ಎದುರಿಗೆ ಗಾಜಿನ ಬಾಗಿಲು. ಅದರಲ್ಲಿ ಹಿಂದಿನ ಗೋಡೆಯ ಅಕ್ಷರ ಉಲ್ಟಾ ಕಾಣುತ್ತೆ. ನೀನು ಒಳಗೆ ಹೋದ್ರೆ ಬೇಗ ಬರಲ್ಲ. ನಾನು ಇನ್ನೇನು ಮಾಡ್ಲಿ? ಓದ್ದೆ."

ತಾತ ಅಂಗಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತ. "ಗೊತ್ತಿದ್ದೂ ಯಾಕೆ ಪುಟ್ಟ ಬಿಟ್ಟೆ ಮಾತ್ರೆ?" ಎಂದು ಕೇಳಿದ.

"ತಿಂದು ಏನಾಗ್ಬೇಕು? ವಾಸಿ ಆಗೋದಾಗಿದ್ರೆ ನೀವು ಯಾರಾದ್ರೂ ಹೇಳ್ತಿದ್ರಿ. ಯಾರೂ ಬಾಯಿ ಬಿಡ್ಲಿಲ್ಲ. ಅಮ್ಮನಿಗೂ ಇದೇ ಇತ್ತು ಅಲ್ವಾ? ಅವಳೂ ತಿಂದ್ಲು. ತಿಂದೂ ಸತ್ಲು."

ಅಜ್ಜಿ ಅಕ್ಕಿಯ ಡ್ರಮ್ಮಿನ ಮೇಲೆ ಕೂತಳು.

"ತಿನ್ನಲಿಲ್ಲ ಕಣೇ."

"ಏನು?"

"ನಿಮ್ಮಮ್ಮ ತಿನ್ನಲಿಲ್ಲ. ಗಂಡನ ಮನೆಯವರು ನೋಡಿದ್ರೆ ಆಚೆ ಹಾಕ್ತಾರೆ ಅಂತ ಬಚ್ಚಲಿಗೆ ಎಸೀತಿದ್ಲು. ನನಗೂ ಹೇಳಲಿಲ್ಲ. ನನ್ನ ಹತ್ರ ಬರೋ ಹೊತ್ತಿಗೆ ಎತ್ತಿಕೊಂಡು ಬರಬೇಕಾಗಿತ್ತು ಅವಳನ್ನ. ತಿಂದಿದ್ರೆ ಇವತ್ತು ನಿನ್ನ ಜಡೆ ಅವಳೇ ಹಾಕ್ತಿದ್ಲು." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದು ಪೂರ್ತಿ ವಾಸಿ ಆಗಲ್ಲ, ನಿಜ. ತಿಂತಾ ಇದ್ರೆ ಏನೂ ಮಾಡಲ್ಲ. ನನ್ನ ವಯಸ್ಸಿಗೆ ಬಂದು ನನ್ನ ಹಾಗೇ ಎಲ್ಲರನ್ನೂ ಬೈಬಹುದು. ಎಚ್... ಎಚ್‌ಐವಿ ಅಂದ್ರೆ ಅಷ್ಟೇ."

ಆ ಹೆಸರು ಹೇಳಿ ಅಜ್ಜಿ ಸೊಸೆಯ ಮುಖ ನೋಡಿದಳು. ಇನ್ನು ಇವಳು ಪೆಟ್ಟಿಗೆ ಕಟ್ಟುತ್ತಾಳೆ. ನಾಳೆ ಬೀದಿ ತುಂಬ ಸುದ್ದಿಯಾಗುತ್ತದೆ.

ಸೊಸೆ, "ನನಗೆ ಗೊತ್ತು ಅತ್ತೆ," ಎಂದಳು.

"ಯಾವಾಗಿಂದ?"

"ಮದುವೆಗೆ ಮುಂಚಿನಿಂದ. ಇವರು ಹೇಳಿದ್ರು. ನೀವಾಗಿ ಹೇಳೋ ತನಕ ಗೊತ್ತಿಲ್ಲದವಳ ಹಾಗಿರು ಅಂತಾನೂ ಹೇಳಿದ್ರು. ಅದಕ್ಕೇ ಎಷ್ಟು ಸಲ ಕೇಳಿದೆ ಯಾವ ಮಾತ್ರೆ, ಯಾವ ಮಾತ್ರೆ ಅಂತ. ನೀವು ಬಾಯಿ ಬಿಟ್ರೆ ತಾನೇ?"

"ಮತ್ತೆ ಅವಳ ಎಂಜಲು ಬ್ರೆಡ್ಡು?"

"ಬೆಣ್ಣೆ ಸವರಿತ್ತು, ಬಿಸಾಕೋಕೆ ಮನಸ್ಸಾಗಲಿಲ್ಲ. ಎಂಜಲಿಂದ ಬರಲ್ಲ ಅತ್ತೆ ಅದು. ಭಿತ್ತಿಪತ್ರದಲ್ಲಿ ಅದೂ ಬರೆದಿರುತ್ತೆ."

"ಎರಡನೇ ಸಾಲಲ್ಲಿದೆ," ಎಂದಳು ಗಿಳಿ.

ಅಜ್ಜಿ ಮಗನನ್ನು ನೋಡಿದಳು. ಮಗ ತಟ್ಟೆಯನ್ನು ನೋಡಿದ.

"ಎದ್ದೇಳು," ಎಂದ ತಾತ. "ಬೇರೆ ಮಾತ್ರೆ ಕೊಡು. ಹೊತ್ತು ಮೀರ್ತಾ ಇದೆ."

ಅಜ್ಜಿ ಸೊಂಟಕ್ಕೆ ಕೈ ಹಾಕಿದಳು. ಸೆರಗಿನ ಮಡಿಕೆಯಲ್ಲಿ ಕೀ ಎಲ್ಲಿ ಜಾರಿತೋ ಸಿಗಲೊಲ್ಲದು. ಗಿಳಿ ಒಂದು ಕ್ಷಣ ನೋಡಿದಳು. ತನ್ನ ಶಾಲೆಯ ಚೀಲ ಎಳೆದಳು, ಪೆನ್ಸಿಲ್ ಡಬ್ಬಿ ತೆಗೆದಳು, ಅದರಿಂದ ಒಂದು ಪುಟ್ಟ ಕೀ ತೆಗೆದು ಬೀಗಕ್ಕೆ ಹಾಕಿ ತಿರುಗಿಸಿದಳು. ಬೀಗ ಬಾಯಿ ಬಿಟ್ಟಿತು.

ಬೀದಿಯವರನ್ನೆಲ್ಲ "ಈ ಕೀ ನಿಮ್ಮದೇನಾ" ಎಂದು ಕೇಳುವ ಅಜ್ಜಿ ತಾತನ ಕಡೆ ತಿರುಗಿದಳು.

"ರೀ, ನೀವು ಮಾಡಿಕೊಟ್ರಾ?"

"ನಾನಲ್ಲ. ಅವಳೇ ಉಜ್ಜಿದ್ದು," ಎಂದ ತಾತ. ಸ್ವಲ್ಪ ತಡೆದು, "ಒಳ್ಳೇ ಕೈ," ಎಂದೂ ಸೇರಿಸಿದ.

ಗಿಳಿ ಬಾಟಲಿಯಿಂದ ಮಾತ್ರೆ ತೆಗೆದು ಅಂಗೈಯಲ್ಲಿಟ್ಟುಕೊಂಡು ನಿಂತಳು. ಯಾರೂ ಆ ಅನ್ನು ಎನ್ನಲಿಲ್ಲ. ಸೊಸೆ ಕಪಾಟಿನಿಂದ ನೀಲಿ ಲೋಟ ತಂದು ನೀರು ತುಂಬಿ ಚಾಚಿದಳು. ಗಿಳಿ ನೀಲಿಯನ್ನು ಪಕ್ಕಕ್ಕೆ ಸರಿಸಿ ಸ್ಟೀಲ್ ಲೋಟವನ್ನೇ ಎತ್ತಿಕೊಂಡಳು. ನುಂಗಿದಳು. ಖಾಲಿ ಲೋಟವನ್ನು ಅಜ್ಜಿಯ ಕಿವಿಯ ಹತ್ತಿರ ಅಲ್ಲಾಡಿಸಿದಳು. ಸದ್ದಿಲ್ಲ.

ಡಬ್ಬಿಯ ಬೀಗ ಅಂಗಡಿಯ ಗೋಡೆಗೆ ಹೋಯಿತು. ಡಬ್ಬಿ ಕೆಳಗಿಳಿದು ಉಪ್ಪಿನ ಪಕ್ಕ ಕೂತಿತು. ಮಾತ್ರೆಯ ಹೊತ್ತು ನೆನಪಿಸಲು ಮಾವನ ಹಳೆಯ ಫೋನಿನಲ್ಲಿ ಗಿಳಿ ಅಲಾರಾಂ ಇಟ್ಟುಕೊಂಡಳು. ದೀಪ ಹಾಕುವ ಹೊತ್ತಿಗೆ ಫೋನು ಅಜ್ಜಿಯ ದನಿಯಲ್ಲಿ, "ಆ ಅನ್ನು, ನಾಲಿಗೆ ಎತ್ತು," ಎಂದು ಅರಚುತ್ತಿತ್ತು. ಮೊದಲ ದಿನ ಅಜ್ಜಿ, "ಯಾರೇ ಅವಳು ಗಂಟಲು ಹರಕೊಳ್ಳೋಳು?" ಎಂದು ಬೈದಳು.

ಸಮಾಧಾನದ ಮೇಡಂ ಗಿಳಿಯನ್ನೇ ಒಳಗೆ ಕರೆದು ಮಾತಾಡಿದರು. ಅಜ್ಜಿ ಹೊರಗೆ, ಭಿತ್ತಿಪತ್ರಕ್ಕೆ ಮುಖ ಮಾಡಿ ಕೂತು, ಎರಡನೇ ಸಾಲನ್ನು ಬೆರಳಿಟ್ಟು ಓದಿದಳು. ಕೆಲವು ತಿಂಗಳು ಬಿಟ್ಟು ಮತ್ತೆ ರಕ್ತ ತೆಗೆಯುತ್ತೇವೆ, ಇಳಿದಿದ್ದರೆ ಇದೇ ಮಾತ್ರೆ ಸಾಕು ಎಂದರು ಮೇಡಂ.

ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಆ ತಿಂಗಳುಗಳಲ್ಲೂ ಅಜ್ಜಿ ಗಿಳಿಯ ಲೋಟ ಮೂಸಿದಳು, ಬಚ್ಚಲ ತೂತಿಗೆ ಬಗ್ಗಿ ನೋಡಿದಳು, ಹೂವಿನ ಕುಂಡದ ಮಣ್ಣು ಕೆದಕಿದಳು. "ಅತ್ತೆ, ಗಿಡಕ್ಕೂ ನಾಲಿಗೆ ಎತ್ತು ಅನ್ನಿ," ಎನ್ನುತ್ತಿದ್ದಳು ಸೊಸೆ. ರಕ್ತ ಕೊಟ್ಟು ಬಂದ ಮೇಲಂತೂ ಫೋನು ಸದ್ದಾದರೆ ಸಾಕು, ಅಜ್ಜಿಯ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು.

ಒಂದು ಸಂಜೆ ಮೊಟ್ಟೆ ಸುಲಿಯುತ್ತಿದ್ದಾಗ ಫೋನು ಬಂತು. ಕನ್ನಡಕ ಎಲ್ಲೋ ಇತ್ತು. ಒತ್ತಿ ಕಿವಿಗಿಟ್ಟಳು.

"ನೋಡೀಮ್ಮಾ..."

"ಮೇಡಂ! ಬಂತಾ ರಿಪೋರ್ಟು?"

"ಅದು ಆಮೇಲೆ. ಹೊಸ ನಿಯಮ ಬಂದಿದೆ. ಮಕ್ಕಳನ್ನ ನೋಡ್ಕೊಳ್ಳೋರನ್ನೂ ಪರೀಕ್ಷೆ ಮಾಡ್ಬೇಕು. ಆ ಅನ್ನಿ."

"ಫೋನಲ್ಲೇನಾ?"

"ಸದ್ದಿನಲ್ಲೇ ಗೊತ್ತಾಗುತ್ತೆ. ಸಮಾಧಾನ."

ಜಗತ್ತನ್ನೆಲ್ಲ ಅನುಮಾನಿಸುವ ಅಜ್ಜಿಗೆ ಅಲ್ಲಿ ಮಾತ್ರ ಅನುಮಾನ ಬರಲಿಲ್ಲ. "ಆ..." ಎಂದಳು.

"ಇನ್ನೂ ಜೋರಾಗಿ. ನಾಲಿಗೆ ಎತ್ತಿ."

ಮಗ ಒಳಗೆ ಬಂದಾಗ ಅಮ್ಮ ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಸೂರಿಗೆ ಮುಖ ಮಾಡಿ ನಾಲಿಗೆ ಎತ್ತಿ ನಿಂತಿದ್ದಳು. "ಹಲ್ಲುನೋವೇನಮ್ಮ?" ಎಂದ. ಮಾವನ ಹಳೆಯ ಫೋನು ಹಿಡಿದ ಗಿಳಿ ಅಡಗಿದ್ದ ಅಂಗಡಿಯಿಂದ ತಾತನ ಬೊಚ್ಚುಬಾಯಿಯ ನಗು ತಡೆಯಲಾರದೆ ಸಿಡಿಯಿತು. ಸೊಸೆ ಗೋಡೆಗೆ ಹಣೆ ಒತ್ತಿಕೊಂಡು ಅಲುಗುತ್ತಿದ್ದಳು.

"ಏಯ್ ಗಿಳಿ! ನಿನ್ನ..." ಎಂದು ಅಜ್ಜಿ ಫೋನು ಇಟ್ಟಳೋ ಇಲ್ಲವೋ, ಅದು ಮತ್ತೆ ಬಡಿದುಕೊಂಡಿತು.

"ನೋಡೀಮ್ಮಾ..."

"ನೋಡೋದೂ ಇಲ್ಲ ಕೇಳೋದೂ ಇಲ್ಲ! ಮೊದಲು ನೀನು ಆ ಅನ್ನು. ಅನ್ನು ಅಂದ್ರೆ! ನಾಲಿಗೆ ಎತ್ತು!"

ಆ ಕಡೆಯಿಂದ ಅಳುಕುತ್ತ, "ಆ..." ಎಂದಿತು ದನಿ. "ಎತ್ತಿದೆ ಅಮ್ಮಾ. ಈಗ ಹೇಳ್ಲಾ?"

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಗಿಳಿ ಬಂದು ನಿಂತಿದ್ದಳು. ಕೈಯಲ್ಲಿ ಸ್ಟೀಲ್ ಲೋಟ, ನಾಲಿಗೆಯ ಮೇಲೆ ಮಾತ್ರೆ, ಬಾಯಿತುಂಬ ನೀರು. ನಾನಲ್ಲ, ನಾನಲ್ಲ ಎಂದು ತಲೆ ಆಡಿಸುತ್ತಿದ್ದಳು.

ಅಜ್ಜಿ ಗಿಳಿಯನ್ನು ನೋಡಿದಳು. ಫೋನನ್ನು ನೋಡಿದಳು. "ಮೇಡಂ?"

"ಹೌದಮ್ಮಾ. ರಿಪೋರ್ಟು ಬಂತು. ಮತ್ತೆ ಪರೀಕ್ಷೆಗೆ ಸಿಗದಷ್ಟು ಇಳಿದಿದೆ. ಇದೇ ಮಾತ್ರೆ ಸಾಕು. ಹುಡುಗಿಗೆ ಹೇಳಿ, ಸಮಾಧಾನ."

"ಇನ್ನೊಂದ್ಸಲ ಹೇಳಿ ಮೇಡಂ. ಎಲ್ಲರಿಗೂ ಕೇಳೋ ಹಾಗೆ."

ಹೇಳಿದರು. ಅಜ್ಜಿ ಫೋನು ಕೆಳಗಿಟ್ಟು ಅಕ್ಕಿಯ ಡ್ರಮ್ಮಿನ ಮೇಲೆ ಕೂತಳು. ಕೇಂದ್ರದ ಮೇಜಿನ ಹಿಂದೆ ಕನ್ನಡಕ ಹಾಕಿಕೊಂಡು ನಾಲಿಗೆ ಎತ್ತಿ ಕೂತ ಮೇಡಂ ಅವಳ ಕಣ್ಣಿಗೆ ಕಟ್ಟಿರಬೇಕು. ತಾತನ ನಗುವನ್ನೂ ಸೊಸೆಯ ನಗುವನ್ನೂ ಮುಳುಗಿಸಿ, ಅಂಗಡಿಗೆ ಬಂದ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿಯುವಂತೆ, ಅಜ್ಜಿ ನಕ್ಕಳು. ಗಿಳಿ ಎದುರಿಗೆ ನಿಂತು ಗುಟುಕ್ಕೆಂದು ನುಂಗಿದಳು, ಆ ಎಂದು ಬಾಯಿ ತೆರೆದಳು, ತಾನಾಗಿಯೇ ನಾಲಿಗೆ ಎತ್ತಿದಳು.

ಅಜ್ಜಿ ನೋಡಲಿಲ್ಲ. ನಗುತ್ತ ನಗುತ್ತ ಅವಳ ಕಣ್ಣು ಮುಚ್ಚಿಹೋಗಿತ್ತು.